ಹಿಮ್ಮಡಿ ನೆಲದ ಮೇಲಿರಲಿ

ಪ್ರತಿ ಕಸುಬಿಗೂ ಅದರದೇ ಆದ ಒಂದು ಕಣ್ಣಿನ ರೋಗ ಅಂಟಿಕೊಂಡಿರುತ್ತದೆ. ನಮ್ಮ ಬೀದಿಯ ದರ್ಜಿ ಮದುವೆಗೆ ಹೋದರೆ ಹುಡುಗಿಯ ಮುಖಕ್ಕಿಂತ ಮೊದಲು ಅವಳ ರವಿಕೆಯ ತೋಳಿನ ಹೊಲಿಗೆ ನೋಡುತ್ತಾನೆ. ನಮ್ಮ ಯಜಮಾನರು ಗೌರಿಬಿದನೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಮನೆಗೆ ಲಗ್ನಪತ್ರಿಕೆ ಬಂದರೆ ಮುಹೂರ್ತ ನೋಡುವುದು ಬಿಟ್ಟು ಕಾಗುಣಿತದ ತಪ್ಪು ಹುಡುಕುತ್ತಾರೆ. ಇವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಚಿಕ್ಕಬಳ್ಳಾಪುರದಲ್ಲಿ ಮಕ್ಕಳ ವಾರ್ಡಿನ ನರ್ಸು. ಬಸ್ಸಿನಲ್ಲಿ ಯಾರದ್ದಾದರೂ ಮಗು ಪಕ್ಕದಲ್ಲಿ ಬಂದು ಕೂತರೆ, ಅದರ ಹೆಸರು ಕೇಳುವ ಮೊದಲೇ ನನ್ನ ಕಣ್ಣು ಅದರ ಕಾಲಿನ ಉದ್ದ, ಮಣಿಕಟ್ಟಿನ ದಪ್ಪ, ಉಗುರಿನ ಬಣ್ಣ, ಹೊಸದಾಗಿ ಮೊಳೆತ ಹಲ್ಲು ಎಲ್ಲವನ್ನೂ ನೋಡಿ ಮುಗಿಸಿರುತ್ತದೆ. ಕೆಲವು ತಾಯಂದಿರು ಮಗುವನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡದ್ದೂ ಉಂಟು. ದೃಷ್ಟಿ ಹಾಕುವ ಹೆಂಗಸು ಎಂದುಕೊಂಡಿರಬೇಕು.

ವರ್ಷಕ್ಕೆ ಮೂರು ನಾಲ್ಕು ಸಲ ನಾವು ಡಾಕ್ಟರ ಜೊತೆ ಸುತ್ತಲಿನ ಶಾಲೆಗಳಿಗೆ ಆರೋಗ್ಯ ತಪಾಸಣೆಗೆ ಹೋಗುತ್ತೇವೆ. ಒಂದು ಸಲ ನಂದಿ, ಒಂದು ಸಲ ಪೆರೇಸಂದ್ರ, ಹೀಗೆ. ಅಲ್ಲಿ ನನ್ನ ಪಾಲಿಗೆ ಬರುವುದು ಎತ್ತರ ಮತ್ತು ತೂಕ. ಗೋಡೆಗೆ ಮಗುವನ್ನು ನಿಲ್ಲಿಸಿ ತಲೆಯ ಮೇಲೊಂದು ಹಲಗೆ ಇಟ್ಟರೆ ಮುಗಿಯಿತಲ್ಲ, ಇದರಲ್ಲೇನು ವಿದ್ಯೆ ಎಂದು ನೀವು ಕೇಳಬಹುದು. ಮೊದಲು ಪಟ್ಟಿಯ ಸೊನ್ನೆ ನೆಲಕ್ಕೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾನು ಮೊದಲ ದಿನ ಹೇಳುವ ಮಾತೇ 'ಮಗು ಆಮೇಲೆ, ಸೊನ್ನೆ ಮೊದಲು' ಎಂದು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಿರಬೇಕು, ಕಣ್ಣು ನೇರ ನೋಡಬೇಕು. ಆರನೇ ಏಳನೇ ಕ್ಲಾಸಿನ ಮಕ್ಕಳಂತೂ ಮಹಾ ಕಿಲಾಡಿಗಳು. ಕುಳ್ಳಗಿದ್ದವರು ಯಾರಿಗೂ ಕಾಣದಂತೆ ಹಿಮ್ಮಡಿ ಎತ್ತುತ್ತಾರೆ, ಉದ್ದಕ್ಕೆ ಬೆಳೆದ ಹುಡುಗಿಯರು ಮಂಡಿ ಬಗ್ಗಿಸುತ್ತಾರೆ. ಹಿಮ್ಮಡಿ ಎತ್ತಿದವರನ್ನು ನಾನು ಮುಖ ನೋಡಿಯೇ ಹಿಡಿಯಬಲ್ಲೆ. ಆಗ ಅವರು ಉಸಿರು ಬಿಗಿಹಿಡಿದು, ಏನೂ ತಿಳಿಯದವರ ಹಾಗೆ ಮೇಲೆ ನೋಡುತ್ತಾರೆ. ಈ ವಿದ್ಯೆ ನನಗೆ ಹೇಗೆ ಬಂತು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು.

ಇನ್ನೊಂದು ನಿಯಮವಿದೆ, ಅದು ಎಲ್ಲಕ್ಕಿಂತ ಮುಖ್ಯವಾದದ್ದು. ಬಂದ ಅಂಕಿಯನ್ನು ಗಟ್ಟಿಯಾಗಿ ಓದಬಾರದು. ಎಂಟು ವರ್ಷದ ಮಗುವಿಗೆ ತನ್ನ ತೂಕ ಎಷ್ಟಿದ್ದರೂ ಒಂದೇ. ಹನ್ನೆರಡು ವರ್ಷದ ಮಗುವಿಗೆ ಅದು ಇಡೀ ಕ್ಲಾಸಿನ ಮುಂದೆ ಮಾನ ಹೋಗುವ ಸಂಗತಿ. ಆ ವಯಸ್ಸಿನ ಮಕ್ಕಳ ಮೈ ಅವರ ಮಾತನ್ನೇ ಕೇಳುವುದಿಲ್ಲ. ಮೊದಲು ಪಾದ ಬೆಳೆಯುತ್ತದೆ, ಆಮೇಲೆ ಕಾಲು, ಕೊನೆಗೆ ಮುಂಡ. ಯುಗಾದಿಗೆ ತಂದ ಚಪ್ಪಲಿ ಗೌರಿ ಹಬ್ಬಕ್ಕೆ ಹಿಡಿಸುವುದಿಲ್ಲ. ನಿನ್ನೆ ನೀರಿನ ಲೋಟ ಇದ್ದ ಜಾಗಕ್ಕೆ ಇವತ್ತು ಕೈ ಚಾಚಿದರೆ ಲೋಟ ಉರುಳುತ್ತದೆ, ಯಾಕೆಂದರೆ ಕೈಯೇ ಉದ್ದವಾಗಿದೆ. ನಾವು 'ಕಣ್ಣು ಕಾಣಲ್ವಾ' ಎಂದು ಬೈಯುತ್ತೇವೆ. ಏಳನೇ ಕ್ಲಾಸಿನಲ್ಲಿ ಹುಡುಗಿಯರು ಹುಡುಗರಿಗಿಂತ ಒಂದು ತಲೆ ಎತ್ತರ ಇರುತ್ತಾರೆ. ಒಂಬತ್ತನೇ ಕ್ಲಾಸಿಗೆ ಬಂದು ನೋಡಿದರೆ ಅದೇ ಹುಡುಗರು ಮೀಸೆಯ ನೆರಳು ಹೊತ್ತು, ಒಡೆದ ಗಂಟಲಲ್ಲಿ 'ಪ್ರೆಸೆಂಟ್ ಮಿಸ್' ಎನ್ನುತ್ತಾ ಅವರನ್ನು ದಾಟಿ ನಿಂತಿರುತ್ತಾರೆ. ಇಷ್ಟು ವರ್ಷವಾದರೂ ಇದು ನನಗೆ ಹಳೆಯದಾಗಿಲ್ಲ. ಒಂದೇ ಬೆಂಚಿನಲ್ಲಿ ಕೂತು ಒಂದೇ ಬಿಸಿಯೂಟ ಉಂಡ ಇಬ್ಬರಲ್ಲಿ ಒಬ್ಬಳ ಮೂಳೆಗೆ ಈ ವರ್ಷವೇ ಹೊರಡಬೇಕೆಂದೂ, ಇನ್ನೊಬ್ಬಳ ಮೂಳೆಗೆ ಎರಡು ವರ್ಷ ತಡೆ ಎಂದೂ ಯಾರು ಹೇಳಿ ಕಳಿಸುತ್ತಾರೋ ಎಂದು ಈಗಲೂ ಆಶ್ಚರ್ಯವಾಗುತ್ತದೆ.

ಬೇರೆಯವರ ಮಕ್ಕಳ ವಿಷಯದಲ್ಲಿ ಇಷ್ಟು ತಾಳ್ಮೆಯಿಂದ ಆಶ್ಚರ್ಯಪಡುವ ನಾನು ನನ್ನ ಮಗಳ ವಿಷಯದಲ್ಲಿ ಮಾಡಿಕೊಂಡ ಎಡವಟ್ಟನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ ಹಾಕಿದೆ.

ನನ್ನ ಮಗಳು ಹರ್ಷಿತಾ. ಹನ್ನೆರಡು ವರ್ಷ, ಏಳನೇ ಕ್ಲಾಸು. ಶಾಲೆಗಳಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಾರಲ್ಲ, ಆ ಸಾಲಿನಲ್ಲಿ ಒಂದನೇ ಕ್ಲಾಸಿನಿಂದಲೂ ಅವಳೇ ಮೊದಲನೆಯವಳು. ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬ್ಯಾಗು ಎಸೆದು, 'ಯಾವಾಗ್ಲೂ ನಾನೇ ಯಾಕಮ್ಮ ಫಸ್ಟು ನಿಲ್ಬೇಕು?' ಎಂದು ಅತ್ತಳು. ಆ ಅಳು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ, ವಾರ್ಡಾಯಿತು. ಅವಳ ತಟ್ಟೆಯ ಮೇಲೆ ನನ್ನ ಕಣ್ಣು. ಎಷ್ಟು ಮುದ್ದೆ ಮುರಿದಳು, ಸೊಪ್ಪಿನ ಸಾರು ಬಿಟ್ಟಳೇ, ಮೊಟ್ಟೆಯ ಹಳದಿಯನ್ನು ಅಜ್ಜಿಯ ತಟ್ಟೆಗೆ ದಾಟಿಸಿದಳೇ ಎಂಬುದೆಲ್ಲ ನನ್ನ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ರಾಗಿಯನ್ನು ಮೊಳಕೆ ಕಟ್ಟಿ, ಹುರಿದು, ಹೆಸರುಕಾಳು ಕಡಲೆಬೀಜ ಸೇರಿಸಿ ನಾನೇ ಮಾಲ್ಟ್ ಪುಡಿ ಮಾಡಿಸಿದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ.

ಇದಕ್ಕೆಲ್ಲ ನನ್ನ ಹತ್ತಿರ ಲೆಕ್ಕವೂ ಇತ್ತು. ತಂದೆಯ ಎತ್ತರ, ತಾಯಿಯ ಎತ್ತರ ಕೂಡಿಸಿ, ಹೆಣ್ಣುಮಗುವಾದರೆ ಅದರಲ್ಲಿ ಸ್ವಲ್ಪ ಕಳೆದು ಅರ್ಧ ಮಾಡಿದರೆ, ಆ ಮಗು ಮುಂದೆ ಸುಮಾರಾಗಿ ಎಷ್ಟು ಎತ್ತರ ಬೆಳೆಯಬಹುದು ಎಂದು ತಿಳಿಯುತ್ತದೆ. ಯಜಮಾನರು ಐದಡಿ ಆರು. ನಾನು ಐದಡಿ ಎರಡು. ನನ್ನ ಎಲ್ಲ ದಾಖಲೆಗಳಲ್ಲೂ ಹಾಗೇ ಇದೆ. ಆ ಲೆಕ್ಕದ ಪ್ರಕಾರ ನಮ್ಮ ಹುಡುಗಿ ನಡೆಯಬೇಕಾದ ದಾರಿಗಿಂತ ಸ್ವಲ್ಪ ಹಿಂದೆಯೇ ಇದ್ದಳು. ನಮ್ಮ ಡಾಕ್ಟರು ಎರಡು ಸಲ ನೋಡಿ, 'ಏನೂ ತೊಂದರೆ ಇಲ್ಲ ಸಿಸ್ಟರ್, ಆರಾಮಾಗಿ ಬೆಳೀತಿದ್ದಾಳೆ' ಎಂದರು. ಬೇರೆ ತಾಯಂದಿರು ಡಾಕ್ಟರ ಮಾತು ನಂಬದಿದ್ದರೆ ನನಗೆ ಎಲ್ಲಿಲ್ಲದ ಕೋಪ ಬರುತ್ತದೆ. ನಾನು ನಂಬಲಿಲ್ಲ.

ನನ್ನ ಅತ್ತೆ ಮೇಲೂರಿನವರು, ಎಪ್ಪತ್ತೆರಡು ವರ್ಷ. ಆಯುಷ್ಯವಿಡೀ ರೇಷ್ಮೆ ಹುಳ ಸಾಕಿದವರು. ನನ್ನ ಪರದಾಟ ನೋಡಿ ಒಂದು ದಿನ ಹೇಳಿದರು: 'ಚಿಟ್ಟೆ ಮೊಟ್ಟೆ ಇಟ್ಟ ಒಂದೇ ಚೀಟೀಲಿ ಎದ್ದ ಹುಳ ಎಲ್ಲಾ ಒಂದೇ ದಿನ ಹಣ್ಣಾಗಿ ಗೂಡಿಗೆ ಬರಲ್ಲ ಕಣಮ್ಮ ಸುಜಾತ. ನಾಲ್ಕು ಮುಂದೆ ಹೋಗ್ತವೆ, ನಾಲ್ಕು ಹಿಂದೆ ಬೀಳ್ತವೆ. ಹಿಂದೆ ಬಿದ್ದಿದ್ದೂ ಗೂಡು ಕಟ್ಟುತ್ತೆ. ನೀನು ದಿನಾ ತಟ್ಟೆ ಎತ್ತೆತ್ತಿ ನೋಡಿದ್ರೆ ಹುಳ ಮೇಯೋದೇ ಬಿಡುತ್ತೆ.' 'ಹುಳ ಬೇರೆ, ಮಕ್ಕಳು ಬೇರೆ ಅತ್ತೆ' ಎಂದೆ. 'ಹೂಂ, ಹುಳಕ್ಕೆ ಮಾತು ಬರಲ್ಲ, ಅಷ್ಟೇಯಾ' ಎಂದು ಎದ್ದುಹೋದರು.

ಮನೆಯಲ್ಲಿ ನನ್ನ ಅಳತೆಗೋಲು ದೇವರ ಕೋಣೆಯ ಬಾಗಿಲುವಾಡ. ಹರ್ಷಿತಾಗೆ ನಾಲ್ಕು ವರ್ಷ ತುಂಬಿದಾಗ, ದರ್ಜಿಯ ಅಂಗಡಿಯಲ್ಲಿ ಇರುತ್ತದಲ್ಲ ಅಂಥ ಒಂದು ಅಳತೆ ಟೇಪನ್ನು ನೆಲದಿಂದ ಮೇಲಕ್ಕೆ ಆ ಮರದ ಪಟ್ಟಿಗೆ ಮೊಳೆ ಹೊಡೆದು ಕೂರಿಸಿದ್ದೆ. ವರ್ಷಕ್ಕೆ ಎರಡು ಸಲ, ಸಂಕ್ರಾಂತಿಗೊಮ್ಮೆ, ಶಾಲೆ ಶುರುವಾಗುವಾಗೊಮ್ಮೆ, ಅವಳನ್ನು ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯುವುದು. ಮೊದಲ ದಿನ ತಮಾಷೆಗೆ ಅತ್ತೆಯನ್ನೂ ಯಜಮಾನರನ್ನೂ ನಿಲ್ಲಿಸಿ ಅವರ ಗೆರೆಯನ್ನೂ ಎಳೆದಿದ್ದೆ. ನಾನು ಮಾತ್ರ ನಿಲ್ಲಲಿಲ್ಲ. ಅಳೆಯುವುದಕ್ಕೆ ಒಬ್ಬರು ಬೇಕಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಯಜಮಾನರಿಗೆ ಮನೆಗೆ ಟೈಲ್ಸ್ ಹಾಕಿಸುವ ಉಮೇದು ಬಂತು. ಹಳೆಯ ಕೆಂಪು ಗಾರೆ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ನಾವೆಲ್ಲ ಹದಿನೈದು ದಿನ ಮೇಲೂರಿಗೆ ಹೋಗಿದ್ದೆವು. ಬರುವ ಹೊತ್ತಿಗೆ ನೆಲ ಕನ್ನಡಿಯ ಹಾಗೆ ಫಳಫಳ ಎನ್ನುತ್ತಿತ್ತು. ಬಾಗಿಲುಗಳು ಮಾತ್ರ ನೆಲಕ್ಕೆ ಉಜ್ಜುತ್ತಿದ್ದವು. ಬಡಗಿ ಬಂದು ಒಂದೊಂದೇ ಬಾಗಿಲು ಕಳಚಿ ಅಡಿಭಾಗ ಕೊಯ್ದು ಸರಿಮಾಡಿದ. ಅವನಿಗೆ ಕಾಫಿ ಕೊಟ್ಟವಳು ನಾನೇ. ಅತ್ತೆ ಮಾತ್ರ ಬಂದ ದಿನದಿಂದ ಒಂದೇ ರಾಗ: 'ಹೊಸ್ತಿಲು ಹೂತೋಯ್ತು. ಅರಿಶಿನ ಹಚ್ಚೋಕೆ ಬಗ್ಗಿದ್ರೆ ಕೈಗೇ ಸಿಗಲ್ಲ. ಲಕ್ಷ್ಮಿ ಬಂದು ಎಲ್ಲಿ ಕೂತ್ಕೋಬೇಕು?' ಅವರಿಗೆ ಹೊಸದು ಯಾವುದೂ ಹಿಡಿಸುವುದಿಲ್ಲ, ಮಿಕ್ಸಿ ಬಂದಾಗಲೂ ಹೀಗೇ ಅಂದಿದ್ದರು ಎಂದು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಾಲೆ ಶುರುವಾಗುವ ಹಿಂದಿನ ದಿನ ಹರ್ಷಿತಾಳನ್ನು ಬಾಗಿಲುವಾಡಕ್ಕೆ ನಿಲ್ಲಿಸಿದೆ. ಹಿಮ್ಮಡಿ ನೋಡಿದೆ, ಬೆನ್ನು ನೋಡಿದೆ, ತಲೆಯ ಮೇಲೆ ಪಂಚಾಂಗ ಇಟ್ಟು ಗೆರೆ ಎಳೆದೆ. ಸಂಕ್ರಾಂತಿಯ ಗೆರೆಗಿಂತ ಮೂರು ಇಂಚು ಮೇಲೆ! ಐದು ತಿಂಗಳಲ್ಲಿ ಮೂರು ಇಂಚು! ವಾರ್ಡಿಗೆ ಬಂದ ಯಾವ ತಾಯಿಯಾದರೂ ಹೀಗೆ ಹೇಳಿದ್ದರೆ, 'ಇನ್ನೊಂದ್ಸಲ ಸರಿಯಾಗಿ ಅಳೀರಿ' ಎಂದು ಗದರಿಸಿ ಕಳಿಸುತ್ತಿದ್ದೆ. ಆದರೆ ಸ್ವಂತ ಮಗಳ ತಲೆಯ ಮೇಲೆ ನಿಂತ ಪಂಚಾಂಗವನ್ನು ಯಾವ ತಾಯಿ ಅನುಮಾನಿಸುತ್ತಾಳೆ? 'ಮೂರು ಇಂಚು ಬೆಳೆದಿದ್ದಾಳೆ ಕಣ್ರೀ!' ಎಂದು ಅಡುಗೆಮನೆಯಿಂದ ಬೀದಿಬಾಗಿಲವರೆಗೆ ಕೇಳುವ ಹಾಗೆ ಕೂಗಿದೆ. ಗಟ್ಟಿಯಾಗಿ ಓದಬಾರದು ಎಂಬ ನಿಯಮ ಅಂದು ರಜೆಯ ಮೇಲೆ ಹೋಗಿತ್ತು. ಅತ್ತೆ, 'ಹಂಗಾದ್ರೆ ದೊಡ್ಡೋಳಾಗೋ ಕಾಲ ಬಂತು, ಚಿಗಳಿ ಉಂಡೆಗೆ ಎಳ್ಳು ತಂದಿಡು' ಎಂದರು. ಹರ್ಷಿತಾ ಕೆಂಪಾಗಿ ಕೋಣೆ ಸೇರಿಕೊಂಡಳು.

ಆಮೇಲಿನ ಮೂರು ತಿಂಗಳು ನಾನು ನೆಲದ ಮೇಲೆ ನಡೆಯಲೇ ಇಲ್ಲ. ಯೂನಿಫಾರಂ ಉದ್ದಕ್ಕೇ ಹೊಲಿಸಿದೆ. ವಾರ್ಡಿನಲ್ಲಿ ತಾಯಂದಿರಿಗೆಲ್ಲ ನನ್ನ ಮಾಲ್ಟ್ ಪುಡಿಯ ಉಪದೇಶ. ನಂದಿಯ ಕಡೆಯ ದ್ರಾಕ್ಷಿ ತೋಟದ ಹೆಂಗಸೊಬ್ಬರು ಚೀಟಿಯಲ್ಲಿ ಅಳತೆ ಬರೆಸಿಕೊಂಡು ಹೋದರು. ಅತ್ತೆಯೂ ಮಂಡಿನೋವಿಗೆ ಒಳ್ಳೆಯದೆಂದು ದಿನಾ ಒಂದು ಲೋಟ ಕುಡಿಯತೊಡಗಿದರು. ಇನ್ನು ಮಗಳ ಬಗ್ಗೆ ಚಿಂತೆಯಿಲ್ಲವಲ್ಲ, ಊಟಕ್ಕೆ ಕೂತಾಗ ನಾನು ಅವಳ ಜೊತೆ ಏನೇನೋ ಮಾತಾಡುತ್ತಾ ನಗುತ್ತಿದ್ದೆ.

ಆಗಸ್ಟ್ ಹದಿನೈದಕ್ಕೆ ಶಾಲೆಗೆ ಹೋದೆ ನೋಡಿ, ಸಾಲಿನಲ್ಲಿ ಹರ್ಷಿತಾ ಮೊದಲನೆಯವಳಾಗಿಯೇ ನಿಂತಿದ್ದಳು. ಹೊಸ ಚೂಡಿದಾರದ ಪ್ಯಾಂಟು ಪಾದ ಮುಚ್ಚಿ ನೆಲ ಗುಡಿಸುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಬೂಂದಿ ಹಂಚುವವರೆಗೂ ತಡೆದುಕೊಂಡಿದ್ದು ಪಿ.ಟಿ. ಮೇಷ್ಟ್ರನ್ನು ಹಿಡಿದೆ. 'ಸಾರ್, ಮಕ್ಕಳನ್ನ ಅಳೆದು ನಿಲ್ಲಿಸ್ತೀರೋ, ಹೋದ ವರ್ಷದ ಸಾಲನ್ನೇ ಮುಂದುವರಿಸ್ತೀರೋ? ನನ್ನ ಮಗಳು ಮೂರು ಇಂಚು ಬೆಳೆದಿದ್ದಾಳೆ.' ಅವರು ಪಾಪ, ಒಳ್ಳೆಯವರು. 'ಬನ್ನಿ ಮೇಡಂ, ನಿಮ್ಮೆದುರಿಗೇ ಅಳೆಯಣ' ಎಂದು ಸ್ಟಾಫ್ ರೂಮಿನ ಗೋಡೆಗೆ ಬರೆದಿದ್ದ ಸ್ಕೇಲಿನ ಹತ್ತಿರ ಕರೆದುಕೊಂಡು ಹೋದರು. ಹರ್ಷಿತಾ ನಿಂತಳು. ನನ್ನ ಬಾಗಿಲುವಾಡಕ್ಕಿಂತ ಎರಡು ಇಂಚು ಕಡಿಮೆ.

'ನಿಮ್ಮ ಸ್ಕೇಲಿನ ಸೊನ್ನೆ ಸರಿ ಇಲ್ಲ' ಎಂದೆ. 'ನೋಡಿ ಮೇಡಂ' ಎಂದರು. ಹಬ್ಬಕ್ಕೆಂದು ಉಟ್ಟ ಬಿಳಿ ಸೀರೆಯಲ್ಲೇ ನೆಲಕ್ಕೆ ಕೂತು, ಬ್ಯಾಗಿನಿಂದ ಟೇಪು ತೆಗೆದು ಅಳೆದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. 'ಹಂಗಾದ್ರೆ ಗೋಡೆ ವಾಲಿರಬೇಕು.' 'ಗೋಡೆ ವಾಲಿದ್ರೂ ಎಲ್ರಿಗೂ ಒಂದೇ ಥರ ವಾಲುತ್ತಲ್ವಾ ಮೇಡಂ?' ಎಂದರು ಮೇಷ್ಟ್ರು, ಬಹಳ ಮರ್ಯಾದೆಯಿಂದ. ಬಾಗಿಲಲ್ಲಿ ಏಳನೇ ಕ್ಲಾಸಿನ ಅರ್ಧ ಹುಡುಗಿಯರು ಬೂಂದಿ ತಿನ್ನುತ್ತಾ ನಿಂತಿದ್ದರು. ಹರ್ಷಿತಾ ನನ್ನನ್ನಾಗಲಿ ಅವರನ್ನಾಗಲಿ ನೋಡದೆ, ತನ್ನ ಪ್ಯಾಂಟಿನ ಅಂಚನ್ನು ಕಾಲ್ಬೆರಳಿನಿಂದ ಒಳಕ್ಕೆ ಮಡಿಸುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ನನ್ನ ತಲೆಯಲ್ಲಿ ಇಲ್ಲದ ರೋಗಗಳೆಲ್ಲ ಮೆರವಣಿಗೆ ಹೊರಟವು. ಬೆನ್ನು ಬಾಗಿದೆಯೇ? ಮೂಳೆ ಸವೆಯುತ್ತಿದೆಯೇ? ಮೂರು ತಿಂಗಳಲ್ಲಿ ಎರಡು ಇಂಚು ಕುಗ್ಗುವ ಮಗುವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಚಪ್ಪಲಿ ಬಿಟ್ಟವಳೇ ಅವಳನ್ನು ಬಾಗಿಲುವಾಡಕ್ಕೆ ನಿಲ್ಲಿಸಿದೆ. ಮೂರು ಇಂಚು ಮೇಲಕ್ಕೆ ಎಳೆದ ಗೆರೆಯ ಮೇಲೇ ಪಂಚಾಂಗ ಬಂದು ಕೂತಿತು. ಶಾಲೆಯಲ್ಲಿ ಕುಗ್ಗಿದ ಹುಡುಗಿ ಮನೆಯಲ್ಲಿ ಮತ್ತೆ ಬೆಳೆದಿದ್ದಳು.

ಸೋಫಾದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಅತ್ತೆಗೆ ಕುತೂಹಲ ತಡೆಯಲಾಗಲಿಲ್ಲ. 'ನಾನೂ ಒಂದ್ಸಲ ನಿಲ್ತೀನಿ ತಾಳು. ವಯಸ್ಸಾದ್ರೆ ಕುಗ್ತಾರಂತಲ್ಲ, ಎಷ್ಟು ಕುಗ್ಗಿದೀನೋ ನೋಡಣ' ಎಂದು ಮಂಡಿ ಹಿಡಿದುಕೊಂಡು ಎದ್ದು ಬಂದು ನಿಂತರು. ಎಂಟು ವರ್ಷದ ಹಿಂದೆ ಎಳೆದ ಅವರ ಗೆರೆ ಇನ್ನೂ ಮಾಸಿರಲಿಲ್ಲ. ಪಂಚಾಂಗ ಇಟ್ಟು ನೋಡಿದೆ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಅತ್ತೆ ಹತ್ತಿರ ಹತ್ತಿರ ಎರಡು ಇಂಚು ಬೆಳೆದಿದ್ದರು.

'ಅಯ್ಯೋ ದೇವುಡಾ!' ಎಂದು ಅತ್ತೆ ಸಂಭ್ರಮದಿಂದ ಕೆನ್ನೆ ಬಡಿದುಕೊಂಡರು. 'ಮಂಡಿನೋವು ಹೋಗ್ಲಿ ಅಂತ ಕುಡಿದ್ರೆ ಎತ್ತರ ಬಂತಲ್ಲೇ! ನಿನ್ನ ಮಾಲ್ಟು ಬೋ ಚೆನ್ನಾಗಿದೆ ಕಣೇ ಸುಜಾತ.'

ಆಗ ನನಗೆ ಬುದ್ಧಿ ಬಂತು. ಮೆಲ್ಲಗೆ ನೆಲಕ್ಕೆ ಕೂತು, ಬಾಗಿಲುವಾಡದ ಬುಡ ನೋಡಿದೆ. ಟೇಪು ಎರಡು ಎಂಬ ಅಂಕಿಯಿಂದ ಶುರುವಾಗಿತ್ತು. ಸೊನ್ನೆಯೂ ಒಂದೂ ಹೊಸ ಟೈಲ್ಸಿನ ಕೆಳಗೆ, ಸಿಮೆಂಟಿನೊಳಗೆ ಸಮಾಧಿಯಾಗಿದ್ದವು. ಹಳೆಯ ಗಾರೆ ಒಡೆಯದೆ ಅದರ ಮೇಲೇ ಟೈಲ್ಸ್ ಕೂರಿಸಿದ್ದರು. ಮನೆಯ ನೆಲವೇ ಎರಡು ಇಂಚು ಬೆಳೆದು, ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತು ನಿಂತಿತ್ತು. ಹೊಸ್ತಿಲು ಹೂತುಹೋಯಿತೆಂದು ಅತ್ತೆ ಮೂರು ತಿಂಗಳಿಂದ ಬಡಿದುಕೊಂಡದ್ದು ಇದನ್ನೇ. ಸುತ್ತಮುತ್ತಲಿನ ಶಾಲೆಗಳಲ್ಲೆಲ್ಲ ಬಗ್ಗಿ ಸೊನ್ನೆ ನೋಡುವವಳು ನನ್ನ ಮನೆಯಲ್ಲಿ ಒಂದು ಸಲವೂ ಬಗ್ಗಿರಲಿಲ್ಲ.

ನಕ್ಕುಬಿಡಬಹುದಿತ್ತು, ಅತ್ತೆಯಂತೂ ನಗತೊಡಗಿದ್ದರು. ಆದರೆ ಹರ್ಷಿತಾಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. 'ನಿನಗೆ ಗೊತ್ತಿತ್ತಾ?' ಎಂದೆ.

'ಜೂನ್‌ನಲ್ಲೇ ಗೊತ್ತಾಯ್ತಮ್ಮ. ಸ್ವಿಚ್ ಬೋರ್ಡೂ ಕೆಳಗೆ ಬಂದಿತ್ತಲ್ಲ. ಸ್ಕೂಲಲ್ಲಿ ಮಾತ್ರ ಎಲ್ಲಾ ಹಂಗೇ ಇತ್ತು.'

'ಮತ್ತೆ ಹೇಳೋದಲ್ವೇನೇ?'

ಅವಳು ಟೈಲ್ಸಿನ ಗೆರೆಯ ಮೇಲೆ ಹೆಬ್ಬೆರಳು ಓಡಿಸುತ್ತಾ ಹೇಳಿದಳು: 'ಅವತ್ತಿಂದ ನೀನು ನನ್ನ ತಟ್ಟೆ ನೋಡೋದು ಬಿಟ್ಟಿದ್ದೆ. ನನ್ನ ಮುಖ ನೋಡ್ಕೊಂಡು ಮಾತಾಡ್ತಿದ್ದೆ. ಹೇಳಿದ್ರೆ ಮತ್ತೆ ಶುರು ಮಾಡ್ತೀಯ ಅಂತ.'

ವಾರ್ಡಿನಲ್ಲಿ ಎಷ್ಟೋ ತಾಯಂದಿರಿಗೆ 'ಮಗುವಿನ ಜೊತೆ ಮಾತಾಡ್ರಮ್ಮ, ಬರೀ ಊಟ ತುರುಕಬೇಡಿ' ಎಂದು ಹೇಳಿದ್ದೇನೆ. ನಾಚಿಕೆಯಾಯಿತು. 'ಸಾಲಿನಲ್ಲಿ ಮೊದಲು ನಿಲ್ಲೋದು ನಿನಗೆ ಬೇಜಾರಲ್ವಾ? ಅವತ್ತು ಅಷ್ಟು ಅತ್ತಿದ್ದೆ' ಎಂದೆ. 'ಅಮ್ಮಾ, ಅದು ಫಿಫ್ತಲ್ಲಿ! ಫಸ್ಟು ನಿಂತ್ರೆ ಫಸ್ಟು ಕ್ಲಾಸಿಗೆ ಹೋಗ್ಬಹುದು. ಕಿಟಕಿ ಪಕ್ಕದ ಸೀಟು ಎರಡು ವರ್ಷದಿಂದ ನಂದೇ. ಬೇಜಾರಾಗಿದ್ದು ಇವತ್ತು, ನೀನು ಸ್ಟಾಫ್ ರೂಮಲ್ಲಿ ನೆಲದ ಮೇಲೆ ಕೂತಾಗ.' ಎರಡು ವರ್ಷದ ಹಿಂದೆ ಒಣಗಿದ ಕಣ್ಣೀರನ್ನು ನಾನು ಇನ್ನೂ ಒರೆಸುತ್ತಾ ಕೂತಿದ್ದೆ. ಒಂದು ಸಲವೂ ಅವಳನ್ನು ಕೇಳಿರಲಿಲ್ಲ. 'ತಪ್ಪಾಯ್ತು ಕಣಮ್ಮ' ಎಂದೆ. ಹುಳಕ್ಕೆ ಮಾತು ಬರುವುದಿಲ್ಲ, ಮಕ್ಕಳಿಗೆ ಬರುತ್ತದೆ. ಅತ್ತೆ ಅಂದು ಹೇಳಿದ್ದರಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ಮರುದಿನ ಟೇಪು ಕಿತ್ತು, ಹೊಸ ನೆಲಕ್ಕೆ ಸೊನ್ನೆ ಕೂರಿಸಿ ಮತ್ತೆ ಮೊಳೆ ಹೊಡೆದೆ. ಹರ್ಷಿತಾ ಪಂಚಾಂಗ ಕೈಗೆ ತೆಗೆದುಕೊಂಡಳು. 'ಈಗ ನೀನು ನಿಲ್ಲು. ನಿಂದೊಂದೇ ಗೆರೆ ಇಲ್ಲ.' ಕೆಲಸವಿದೆ ಎಂದೆ, ಹಾಲು ಉಕ್ಕುತ್ತದೆ ಎಂದೆ. ಅತ್ತೆ ಅಡುಗೆಮನೆಗೆ ಹೋಗಿ ಒಲೆ ಆರಿಸಿದರು. ವಿಧಿಯಿಲ್ಲದೆ ನಿಂತೆ. ಬೆನ್ನು ತಾಗಿಸಿದೆ, ತಲೆ ತಾಗಿಸಿದೆ, ಕಣ್ಣು ಸ್ವಲ್ಪ ಮೇಲೆ ನೋಡಿತು.

'ಹಿಮ್ಮಡಿ ನೆಲದ ಮೇಲಿರಲಿ, ಸಿಸ್ಟರ್' ಎಂದಳು ಮಗಳು.

ಈಗ ಹೇಳಿಬಿಡುತ್ತೇನೆ. ನರ್ಸಿಂಗ್ ಸೇರುವಾಗ ಕುಳ್ಳಗಿರುವವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಉದ್ದ ಲಂಗದ ಒಳಗೆ ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು, ಮೇಲೆ ನೋಡುತ್ತಾ ನಿಂತಿದ್ದೆ. ಅಳೆಯುವವರಿಗೆ ಪುರಸೊತ್ತಿರಲಿಲ್ಲ, ಐದಡಿ ಎರಡು ಎಂದು ಬರೆದರು. ಬರೆದದ್ದನ್ನು ನಾನು ಅರ್ಜಿಯಿಂದ ಅರ್ಜಿಗೆ ನಕಲು ಮಾಡುತ್ತಾ ಬಂದೆ, ಬರಬರುತ್ತಾ ನಂಬಿಯೂ ಬಿಟ್ಟೆ. ಮಗಳ ಎತ್ತರದ ಲೆಕ್ಕಕ್ಕೆ ಹಾಕಿದ್ದೂ ಅದೇ ಅಂಕಿ. ನಾನು ಹಿಮ್ಮಡಿ ಎತ್ತಿದ್ದಕ್ಕೆ ನನ್ನ ಮಗಳು ಎರಡು ವರ್ಷ ಮಾಲ್ಟ್ ಕುಡಿದಳು.

ಹಿಮ್ಮಡಿ ಇಳಿಸಿದೆ. ಪಂಚಾಂಗ ತಲೆಗೆ ತಾಗಿತು. ಹರ್ಷಿತಾ ಅಂಕಿ ನೋಡಿದಳು, ನನ್ನ ಮುಖ ನೋಡಿದಳು. 'ಎಷ್ಟು ಬಂತೇ?' ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. 'ಸರಿಯಾಗೇ ಬಂತಜ್ಜಿ' ಎಂದು ಅವಳು ಕೂಗಿ ಹೇಳಿ, ನನ್ನ ಕಿವಿಯ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿದಳು: 'ಐದಡಿ. ಅಷ್ಟೇ.'